ಬ್ಲಾಗೂ ಒಂದು ಸೈಟೇ: ಕೊಳ್ಳುವವರಿಗೆ, ಮಾರುವವರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ "ಸೈಟ್ ತಗೊಂಡೆ" ಅಂದರೆ ಎದುರಿಗಿದ್ದವರು ಮೊದಲು ಕೇಳುವುದು "ಎಲ್ಲಿ? ಅಳತೆ ಎಷ್ಟು? ಖಾತೆ ಆಗಿದೆಯಾ?" ಅಂತ. ಕೆಲವು ವರ್ಷಗಳ ಹಿಂದೆ ವಿಜಯನಗರದ ನಮ್ಮ ಮನೆಯಲ್ಲಿ ನಾನು ಈ ಮಾತು ಹೇಳಿದಾಗ ಅಪ್ಪನೂ ಅದನ್ನೇ ಕೇಳಿದರು. ನಾನು ಕೊಂಡಿದ್ದು ಒಂದು ಕನ್ನಡ ಬ್ಲಾಗು. ಅದನ್ನು ಬಿಡಿಸಿ ಹೇಳಿದೆ. "ಅದಕ್ಕೂ ಕಾಗದಪತ್ರ ಇರಬೇಕಲ್ವಾ?" ಅಂದರು. ನನ್ನ ಹತ್ತಿರ ಒಂದು ಕಾಗದವೂ ಇರಲಿಲ್ಲ.

ಅದು ಪರೀಕ್ಷೆ ಫಲಿತಾಂಶ ಮತ್ತು ಸರ್ಕಾರಿ ಕೆಲಸದ ಸುದ್ದಿ ಹಾಕುವ ಬ್ಲಾಗು. ಮಾರಿದವರು ಏಪ್ರಿಲ್, ಮೇ, ಜೂನ್ ತಿಂಗಳ ಆದಾಯ ತೋರಿಸಿದ್ದರು. ಸರಾಸರಿ ತಿಂಗಳಿಗೆ 9,000 ರೂಪಾಯಿ. ಇಪ್ಪತ್ತು ತಿಂಗಳ ಲೆಕ್ಕ ಹಾಕಿ 1.8 ಲಕ್ಷ ಕೊಟ್ಟೆ. ಸೆಪ್ಟೆಂಬರ್ ಹೊತ್ತಿಗೆ ತಿಂಗಳಿಗೆ 1,500 ಬರುವುದೂ ಕಷ್ಟವಾಯಿತು. ಅವರು ತೋರಿಸಿದ ಅಂಕಿ ಸುಳ್ಳಾಗಿರಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಿ ಇಡೀ ರಾಜ್ಯದ ಮಕ್ಕಳು, ಅಪ್ಪ ಅಮ್ಮಂದಿರು ಇಂಥ ಪುಟಗಳಿಗೆ ಮುಗಿಬೀಳುತ್ತಾರೆ. ಫಲಿತಾಂಶ ನೋಡಿದ ಮೇಲೆ ಅವರಿಗೆ ಆ ಪುಟದಲ್ಲಿ ಏನು ಕೆಲಸ? ನಾನು ಹನ್ನೆರಡು ತಿಂಗಳ ಲೆಕ್ಕ ಕೇಳಬೇಕಿತ್ತು.

ಆಮೇಲೆ ಇನ್ನೂ ಮೂರು ಬ್ಲಾಗ್ ಕೊಂಡಿದ್ದೇನೆ, ಎರಡನ್ನು ಮಾರಿದ್ದೇನೆ. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಚ್ಚರ ಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೂಡಿಟ್ಟ ಹಣ ಹಾಕುವ ಮುಂಚೆ ಒಂದು ಸಲ ಪೂರ್ತಿ ಓದಿ.

ಏನನ್ನು ಕೊಳ್ಳುತ್ತೀರಿ?

ಒಂದು ಬ್ಲಾಗ್ ಕೊಂಡಾಗ ಮೂರು ವಸ್ತು ನಿಮ್ಮ ಕೈಗೆ ಬರುತ್ತವೆ. ಹೆಸರು, ಅಂದರೆ ಡೊಮೇನ್. ಅದರಲ್ಲಿರುವ ಬರಹ ಮತ್ತು ಚಿತ್ರ. ಮತ್ತೆ ಅಲ್ಲಿಗೆ ಬರುವ ಓದುಗರ ರೂಢಿ. ಮೊದಲ ಎರಡನ್ನು ನೀವೇ ಮಾಡಿಕೊಳ್ಳಬಹುದು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಡೊಮೇನ್ ಸಿಗುತ್ತದೆ, ಬರೆಯುವವರೂ ಸಿಗುತ್ತಾರೆ. ಬೆಲೆ ಇರುವುದು ಮೂರನೆಯದಕ್ಕೆ. 2011ರಲ್ಲಿ ಅಮೆರಿಕದ ಎಒಎಲ್ ಕಂಪನಿ ಹಫಿಂಗ್ಟನ್ ಪೋಸ್ಟ್ ಅನ್ನುವ ಸುದ್ದಿ ಸೈಟನ್ನು 31.5 ಕೋಟಿ ಡಾಲರಿಗೆ ಕೊಂಡಾಗಲೂ ದೊಡ್ಡ ಬೆಲೆ ಬಂದಿದ್ದು ಅದರ ಓದುಗರಿಗೆ. ನಮ್ಮದು ಸಾವಿರ, ಲಕ್ಷಗಳ ವ್ಯವಹಾರ. ನೋಡಬೇಕಾದ್ದು ಮಾತ್ರ ಅದೇ: ಮಾರುವವರು ಎದ್ದು ಹೋದ ಮೇಲೂ ಈ ಓದುಗರು ಬರುತ್ತಾರಾ?

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಎಫ್‌ಡಿ ಇಟ್ಟ ಹಾಗೆ ಸುಮ್ನೆ ಕೂತರೆ ಬಡ್ಡಿ ಬರುವ ಹೂಡಿಕೆ ಅಲ್ಲ. ಅಂಗಡಿ ಕೊಂಡ ಹಾಗೆ. ಬಾಗಿಲು ತೆಗೆದು ಕೂರಬೇಕು. ಸಾಲ ಮಾಡಿ ಕೊಳ್ಳಲೇಬೇಡಿ. ಮೊದಲ ಬ್ಲಾಗಿಗೆ, ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಆಗದಷ್ಟು ಹಣ ಮಾತ್ರ ಹಾಕಿ.

ಬೆಲೆ ಕಟ್ಟುವುದು

ಈ ವ್ಯಾಪಾರದಲ್ಲಿ ಬೆಲೆ ಹೇಳುವುದು ತಿಂಗಳ ಲಾಭದ ಲೆಕ್ಕದಲ್ಲಿ. ಖರ್ಚು ಕಳೆದು ತಿಂಗಳಿಗೆ ಕೈಗೆ ಉಳಿಯುವ ಹಣಕ್ಕೆ ಸಾಮಾನ್ಯವಾಗಿ 20ರಿಂದ 40 ಪಟ್ಟು ಕೇಳುತ್ತಾರೆ. ಚಿಕ್ಕ ಕನ್ನಡ ಬ್ಲಾಗಿಗೆ ನಾನು 24 ಪಟ್ಟು ದಾಟುವುದಿಲ್ಲ.

ಆದರೆ ಲಾಭ ಯಾವುದು ಅನ್ನುವುದರಲ್ಲೇ ಎಲ್ಲ ಇದೆ. ಒಂದು ಉದಾಹರಣೆ ನೋಡಿ. ಒಂದು ಬ್ಲಾಗಿಗೆ ವರ್ಷಕ್ಕೆ ಜಾಹೀರಾತಿನಿಂದ 1,68,000, ಅಫಿಲಿಯೇಟ್ ಕಮಿಷನ್ (ಬ್ಲಾಗಿನ ಲಿಂಕ್ ಒತ್ತಿ ಹೋದವರು ಏನಾದರೂ ಕೊಂಡರೆ ಸಿಗುವ ಪಾಲು) 36,000. ಒಟ್ಟು 2,04,000 ರೂಪಾಯಿ. ಹೋಸ್ಟಿಂಗ್ (ಬ್ಲಾಗ್ ಇಡುವ ಸರ್ವರ್ ಬಾಡಿಗೆ), ಡೊಮೇನಿಗೆ 9,000, ಬರೆಯುವವರಿಗೆ 60,000, ಬೇರೆ ಸಣ್ಣಪುಟ್ಟದ್ದಕ್ಕೆ 3,000. ಖರ್ಚು 72,000. ಉಳಿದದ್ದು 1,32,000, ಅಂದರೆ ತಿಂಗಳಿಗೆ 11,000. ಇಪ್ಪತ್ತನಾಲ್ಕು ಪಟ್ಟು ಅಂದರೆ 2,64,000 ಆಯಿತು. ಮಾರುವವರು ಈ ಲೆಕ್ಕವನ್ನೇ ತೋರಿಸುತ್ತಾರೆ.

ಈಗ ಅವರನ್ನು ಕೇಳಿ, "ನೀವು ತಿಂಗಳಿಗೆ ಎಷ್ಟು ಗಂಟೆ ಕೆಲಸ ಮಾಡ್ತೀರಿ?" ಇಪ್ಪತ್ತು ಗಂಟೆ ಅಂದರು ಅಂತಿಟ್ಟುಕೊಳ್ಳಿ. ಗಂಟೆಗೆ 200 ರೂಪಾಯಿ ಹಾಕಿದರೂ 4,000 ಆಯಿತು. ಆ ಕೆಲಸ ನಾಳೆಯಿಂದ ನಿಮ್ಮ ತಲೆ ಮೇಲೆ, ಇಲ್ಲವೇ ನೀವು ಸಂಬಳ ಕೊಡುವವರ ತಲೆ ಮೇಲೆ. ನಿಜವಾದ ಲಾಭ 7,000. ಅದರ 24 ಪಟ್ಟು 1,68,000. ಒಂದು ಪ್ರಶ್ನೆಗೆ 96,000 ರೂಪಾಯಿ ವ್ಯತ್ಯಾಸ. ಚೌಕಾಸಿ ಶುರು ಮಾಡಬೇಕಾದ್ದು ಇಲ್ಲಿಂದ.

ಎಲ್ಲಿ ಹುಡುಕುವುದು?

ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಶುರುವಾದ ಫ್ಲಿಪ್ಪಾ ಈ ವ್ಯಾಪಾರದ ದೊಡ್ಡ ಸಂತೆ. ಎಂಪೈರ್ ಫ್ಲಿಪ್ಪರ್ಸ್‌ನವರು ಸ್ವಲ್ಪ ದೊಡ್ಡ ಸೈಟುಗಳನ್ನು ತಾವೇ ಪರಿಶೀಲಿಸಿ ಪಟ್ಟಿ ಮಾಡುತ್ತಾರೆ. ಬೆಲೆ ಹೇಗೆ ಹೇಳುತ್ತಾರೆ, ಕೊಳ್ಳುವವರು ಏನೇನು ಕೇಳುತ್ತಾರೆ ಅಂತ ಕಲಿಯಲು ಒಂದು ತಿಂಗಳು ಅಲ್ಲಿನ ಪಟ್ಟಿಗಳನ್ನು ಓದಿ. ಕೊಳ್ಳಬೇಡಿ, ಓದಿ ಸಾಕು.

ಒಳ್ಳೆಯ ಕನ್ನಡ ಬ್ಲಾಗನ್ನು ನೀವೇ ಹುಡುಕಿಕೊಂಡು ಹೋಗಬೇಕು. ನಿಮಗೆ ಇಷ್ಟವಾದ, ಒಂದು ವರ್ಷದಿಂದ ಹೊಸ ಬರಹ ಬಂದಿಲ್ಲದ ಬ್ಲಾಗುಗಳ ಪಟ್ಟಿ ಮಾಡಿ. ಬರೆದವರಿಗೆ ಮರ್ಯಾದೆಯಿಂದ ಒಂದು ಮೇಲ್ ಕಳಿಸಿ. ನಾನು ಹೀಗೆ ಬರೆದೇ ಒಂದು ಅಡುಗೆ ಬ್ಲಾಗ್ ಕೊಂಡೆ. ಬರೆದವರು ಮಲ್ಲೇಶ್ವರದಲ್ಲಿದ್ದ ನಿವೃತ್ತ ಟೀಚರ್. ಮನೆಗೆ ಕರೆದು ಕಾಫಿ ಕೊಟ್ಟು, "ನನಗೀಗ ಸ್ಕ್ರೀನ್ ನೋಡಕ್ಕಾಗಲ್ಲಪ್ಪ. ಯಾರಾದರೂ ನೋಡಿಕೊಂಡರೆ ಸಾಕು. ಆದರೆ ನನ್ನ ಪತ್ರೊಡೆಗೆ ಏನೇನೋ ಸೇರಿಸಬೇಡ" ಅಂದರು. ಅವರ ಬರಹದಲ್ಲಿ ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಕೆಸುವಿನ ಎಲೆ ತುರಿಸದ ಹಾಗೆ ಎಷ್ಟು ಹುಣಸೆಹಣ್ಣು ಬೇಕು ಅನ್ನುವುದೆಲ್ಲ ಕೈಯಲ್ಲಿ ಮಾಡಿದವರ ಮಾತಿನಲ್ಲಿತ್ತು. ಓದುಗರು ಮತ್ತೆ ಮತ್ತೆ ಬರುತ್ತಿದ್ದುದು ಅದಕ್ಕೇ.

ಓದುಗರು ಎಲ್ಲಿಂದ ಬರುತ್ತಿದ್ದಾರೆ?

ಇದಕ್ಕೆ ಒಂದು ವಾರ ಬೇಕಾದರೂ ತೆಗೆದುಕೊಳ್ಳಿ. ನೆಲದ ಸೈಟಿನ ಮೇಲೆ ಸಾಲ, ಅಡಮಾನ ಇದೆಯಾ ಅಂತ ನೋಡಲು ಇಸಿ ತೆಗೆಸುತ್ತೇವಲ್ಲ, ಅದಕ್ಕೆ ಸಮ ಈ ಕೆಲಸ.

ಸ್ಕ್ರೀನ್‌ಶಾಟ್ ನಂಬಬೇಡಿ. ಬ್ರೌಸರ್‌ನಲ್ಲೇ ಯಾವ ಅಂಕಿಯನ್ನು ಬೇಕಾದರೂ ಬದಲಿಸಿ ಚಿತ್ರ ತೆಗೆಯಬಹುದು, ಎರಡು ನಿಮಿಷದ ಕೆಲಸ. ಗೂಗಲ್ ಹುಡುಕಾಟದಿಂದ ಬಂದವರ ಲೆಕ್ಕ ಇಡುವ ಗೂಗಲ್ ಸರ್ಚ್ ಕನ್ಸೋಲ್ ಮತ್ತು ಸೈಟಿಗೆ ಬಂದ ಎಲ್ಲರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ನಿಮ್ಮ ಮೇಲ್ ಐಡಿಯನ್ನು ನೋಡಲು ಮಾತ್ರ ಅನುಮತಿ ಇರುವ ಬಳಕೆದಾರರಾಗಿ ಸೇರಿಸಲು ಕೇಳಿ. ಇದರಿಂದ ಮಾರುವವರಿಗೆ ಏನೂ ತೊಂದರೆ ಇಲ್ಲ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಅಷ್ಟನ್ನೂ ತೆರೆದು ಗೆರೆ ಹೇಗೆ ಓಡಿದೆ ನೋಡಿ. ಒಂದು ತಿಂಗಳು ಗೋಪುರದ ಹಾಗೆ ಎದ್ದು ಮತ್ತೆ ನೆಲ ಕಂಡಿದ್ದರೆ ಆ ತಿಂಗಳು ಏನಾಯಿತು ಅಂತ ಕೇಳಿ. ಫಲಿತಾಂಶವೇ, ಹಬ್ಬವೇ, ಹೊಸ ಸರ್ಕಾರಿ ಯೋಜನೆಯೇ? 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಅದರ ಬಗ್ಗೆ ಬರೆಯದ ಸುದ್ದಿ ಬ್ಲಾಗೇ ಇರಲಿಲ್ಲವೇನೋ. ಅಂಥ ಜನ ಯೋಜನೆಗೆ ಬಂದವರು, ಬ್ಲಾಗಿಗೆ ಬಂದವರಲ್ಲ.

ಅಲ್ಲೇ ಡಿಸ್ಕವರ್ ಅಂತ ಬೇರೆ ವರದಿ ಇರುತ್ತದೆ. ಮೊಬೈಲಿನಲ್ಲಿ ಗೂಗಲ್ ತಾನಾಗಿ ತೋರಿಸುವ ಕಾರ್ಡುಗಳಿಂದ ಬಂದವರ ಲೆಕ್ಕ ಅದು. ಇವತ್ತು ಒಂದು ಲಕ್ಷ ಜನ ಬರಬಹುದು, ನಾಳೆ ನೂರು. ಆದಾಯದ ಅರ್ಧಕ್ಕಿಂತ ಜಾಸ್ತಿ ಡಿಸ್ಕವರ್‌ನಿಂದ ಬರುತ್ತಿದ್ದರೆ ನಾನು ಆ ಬ್ಲಾಗ್ ಮುಟ್ಟುವುದಿಲ್ಲ.

ಆಮೇಲೆ ಜನ ಏನು ಹುಡುಕಿ ಬಂದರು ಅನ್ನುವ ಪಟ್ಟಿ. ಅದರಲ್ಲಿ ಬ್ಲಾಗಿನ ಹೆಸರೇ ಟೈಪ್ ಮಾಡಿ ಬಂದವರು ಎಷ್ಟು? ಮಲ್ಲೇಶ್ವರದ ಮೇಡಂ ಬ್ಲಾಗಿನಲ್ಲಿ ಇಂಥವರು ದಿನಾ ಇರುತ್ತಿದ್ದರು. ಬೇರೆ ಯಾವ ಅಂಕಿಗಿಂತ ಅದೇ ನನಗೆ ಧೈರ್ಯ ಕೊಟ್ಟಿತು. ಒಂದೇ ಲೇಖನಕ್ಕೆ ಅರ್ಧದಷ್ಟು ಜನ ಬರುತ್ತಿದ್ದರೆ ಅದು ಅಪಾಯ. ನಾಳೆ ಯಾರೋ ಅದಕ್ಕಿಂತ ಚೆನ್ನಾಗಿ ಬರೆದರೆ ಮುಗಿಯಿತು.

ಅನಾಲಿಟಿಕ್ಸ್‌ನಲ್ಲಿ 'ಡೈರೆಕ್ಟ್' (ಎಲ್ಲಿಂದ ಬಂದರು ಅಂತ ಗೊತ್ತಾಗದವರು) ಜಾಸ್ತಿ ಕಂಡರೆ ಗಾಬರಿ ಬೇಡ. ವಾಟ್ಸ್‌ಆ್ಯಪ್ ಲಿಂಕ್ ಒತ್ತಿ ಬಂದವರೂ ಅಲ್ಲೇ ಸೇರುತ್ತಾರೆ. ಆದರೆ ಕೇಳಿ, ಆ ವಾಟ್ಸ್‌ಆ್ಯಪ್ ಗುಂಪು, ಟೆಲಿಗ್ರಾಂ ಚಾನೆಲ್ ಬ್ಲಾಗಿನ ಜೊತೆ ನಿಮಗೆ ಬರುತ್ತದಾ? ಬರದಿದ್ದರೆ ಆ ಓದುಗರೂ ಬರುವುದಿಲ್ಲ. ಕನ್ನಡ ಬ್ಲಾಗಿಗೆ ದೂರದ ಯಾವುದೋ ದೇಶದಿಂದ ಸಾವಿರಗಟ್ಟಲೆ ಜನ ಬಂದು ಒಂದೆರಡು ಸೆಕೆಂಡಿನಲ್ಲಿ ಹೋಗುತ್ತಿದ್ದರೆ ಅವರು ಬಹುಶಃ ಮನುಷ್ಯರಲ್ಲ, ತಾವಾಗಿ ಪುಟ ತೆರೆಯುವ ಬಾಟ್ ಪ್ರೋಗ್ರಾಂಗಳು. ಕಾಸು ಕೊಟ್ಟು ತರಿಸಿದ್ದೂ ಇರಬಹುದು.

ಗೂಗಲ್ ಆಗಾಗ ತನ್ನ ನಿಯಮ ಬದಲಿಸುತ್ತದೆ. 2024ರ ಮಾರ್ಚ್‌ನಲ್ಲಿ ಮೂರು ಕಡೆ ಬಿಗಿ ಮಾಡಿತು: ರಾಶಿ ರಾಶಿ ಕಳಪೆ ಬರಹ ಹಾಕುವುದು, ಅವಧಿ ಮುಗಿದ ಹಳೇ ಡೊಮೇನ್ ಕೊಂಡು ಅದರ ಹೆಸರಿನ ಮೇಲೆ ಬೇರೆ ಏನೋ ತುಂಬುವುದು, ಹೆಸರಿರುವ ಸೈಟಿನೊಳಗೆ ಹೊರಗಿನವರ ಬರಹ ತೂರಿಸುವುದು. ನೀವು ನೋಡುತ್ತಿರುವ ಬ್ಲಾಗ್ ಇಂಥದ್ದರಲ್ಲಿ ಸಿಕ್ಕಿಬಿದ್ದಿದೆಯಾ ಅಂತ ಸರ್ಚ್ ಕನ್ಸೋಲ್ ಒಳಗಿನ 'ಮ್ಯಾನ್ಯುವಲ್ ಆ್ಯಕ್ಷನ್ಸ್' (ಸೈಟಿನ ಮೇಲೆ ಗೂಗಲ್ ಕೈಗೊಂಡ ಕ್ರಮ) ಪುಟದಲ್ಲಿ ನೋಡಿ. ಅಲ್ಲಿ ಏನೂ ಇಲ್ಲದಿದ್ದರೂ ಗೆರೆ ಒಂದೇ ಸಲ ಕುಸಿದು ಮೇಲೇಳದಿದ್ದರೆ ಏನೋ ಆಗಿದೆ ಅಂತಲೇ ತಿಳಿಯಿರಿ. 2024ರ ಆಗಸ್ಟಿನಿಂದ ಭಾರತದಲ್ಲೂ ಹುಡುಕಾಟದ ಪುಟದ ಮೇಲ್ಗಡೆಯೇ ಎಐ ಬರೆದ ಉತ್ತರ ಕಾಣಿಸುತ್ತಿದೆ. "ಇಂಥ ದಾಖಲೆಗೆ ಎಷ್ಟು ಶುಲ್ಕ" ಅನ್ನುವಂಥ ಒಂದು ಸಾಲಿನ ಉತ್ತರದ ಬ್ಲಾಗುಗಳಿಗೆ ಇದು ದೊಡ್ಡ ಪೆಟ್ಟು. ಮಾಡಿ ನೋಡಿದವರ ಅನುಭವ, ಅವರದೇ ಫೋಟೋ ಇರುವ ಬ್ಲಾಗು ಇದನ್ನು ತಡೆದುಕೊಳ್ಳುತ್ತದೆ ಅನ್ನುವುದು ನಾನು ಕಂಡದ್ದು.

ಡೊಮೇನಿನ ಹಿಂದಿನ ಜನ್ಮ ನೋಡಲು ವೇಬ್ಯಾಕ್ ಮಷೀನ್ ಇದೆ. ಇಂಟರ್ನೆಟ್ ಆರ್ಕೈವ್‌ನವರು 1996ರಿಂದ ವೆಬ್ ಪುಟಗಳನ್ನು ಕೂಡಿಸಿಡುತ್ತಿದ್ದಾರೆ, ನೋಡಲು ದುಡ್ಡಿಲ್ಲ. ಇವತ್ತು ಅಡುಗೆ ಬರೆಯುತ್ತಿರುವ ಹೆಸರಿನಲ್ಲಿ ಮೊದಲು ಜೂಜಿನ ಸೈಟ್ ಇತ್ತಾ? ಇದನ್ನು ನೋಡುವುದು ನೆಲದ ಸೈಟಿನ ಹಿಂದಿನ ಒಡೆಯರನ್ನು ತಿಳಿಸುವ ಮದರ್ ಡೀಡ್ ಓದಿದ ಹಾಗೆ.

ಕನ್ನಡದ್ದೇ ಆದ ಎರಡು ತೊಡಕು ಹೇಳಲೇಬೇಕು. ಹಳೇ ಲೇಖನಗಳು 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಪದ್ಧತಿ) ಇದ್ದರೆ ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬಂದರೆ ಎಲ್ಲವನ್ನೂ ಯುನಿಕೋಡಿಗೆ ಬದಲಿಸಬೇಕು, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಎರಡನೆಯದು, ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಲೇಖನದ ವಿಳಾಸ ಕನ್ನಡದಲ್ಲೇ ಇದ್ದರೆ ಒಂದೊಂದು ಅಕ್ಷರದ ಗುರುತೂ ಒಳಗೆ ಒಂಬತ್ತು ಜಾಗ ತಿನ್ನುತ್ತದೆ. ಇರುವುದು 200 ಜಾಗ. ಹಾಗಾಗಿ ಸುಮಾರು 22 ಗುರುತಿಗೆ ವಿಳಾಸ ತುಂಡಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಬರೀ ಶೇಕಡಾ ಚಿಹ್ನೆಗಳ ಸಾಲು ಕಾಣುತ್ತದೆ. ಇದರಿಂದ ಬ್ಲಾಗ್ ಕೆಟ್ಟದ್ದಾಗುವುದಿಲ್ಲ. ಸರಿ ಮಾಡುವ ಕೆಲಸ ಇದೆ ಅಂತ ಗೊತ್ತಿರಲಿ.

ದುಡ್ಡು ನಿಜವಾಗಿ ಬಂದಿದೆಯಾ?

ಬ್ಲಾಗಿನಲ್ಲಿ ಜಾಹೀರಾತು ಹಾಕಿ ಹಣ ಕೊಡುವ ಗೂಗಲ್ ಸೇವೆ ಆ್ಯಡ್‌ಸೆನ್ಸ್. ಅದರ ಪರದೆಯಲ್ಲಿ ಕಾಣುವುದು ಅಂದಾಜು ಆದಾಯ. ಸುಳ್ಳು ಕ್ಲಿಕ್ಕುಗಳನ್ನು ಕಳೆದ ಮೇಲೆ ಕೈಗೆ ಬರುವುದು ಕಮ್ಮಿ ಆಗಬಹುದು. ಖಾತೆಯಲ್ಲಿ 100 ಡಾಲರ್ ತುಂಬಿದ ಮೇಲೆ ಮುಂದಿನ ತಿಂಗಳು 21ರಿಂದ 26ರೊಳಗೆ ಗೂಗಲ್ ಹಣ ಕಳಿಸುತ್ತದೆ. ಆ ದಿನಗಳ ಆಸುಪಾಸಿನ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ, ಹನ್ನೆರಡು ತಿಂಗಳದ್ದು. ಒಂದೇ ಖಾತೆಗೆ ಅವರ ಬೇರೆ ಸೈಟುಗಳ ಹಣವೂ ಬರುತ್ತಿರಬಹುದು. ಅದಕ್ಕೆ ವೀಡಿಯೊ ಕರೆಯಲ್ಲಿ ಅವರು ಸ್ಕ್ರೀನ್ ತೋರಿಸುತ್ತಿರುವಾಗ, ನೀವು ಹೇಳಿದ ತಿಂಗಳಿಗೆ, ಈ ಸೈಟಿಗೆ ಮಾತ್ರ ಲೆಕ್ಕ ತೆಗೆದು ತೋರಿಸಲು ಹೇಳಿ.

ಕಾಗದಪತ್ರ

ನನ್ನ ಎರಡನೇ ಬ್ಲಾಗಿನಲ್ಲಿ ಒಂದು ಪೆಟ್ಟು ತಿಂದೆ. ಕೊಂಡು ನಾಲ್ಕು ತಿಂಗಳಾದ ಮೇಲೆ ಒಬ್ಬರು ಮೇಲ್ ಮಾಡಿದರು. "ಇದರಲ್ಲಿರುವ ನಲವತ್ತು ಲೇಖನ ನನ್ನವು, ನಾನು ಯಾರಿಗೂ ಹಕ್ಕು ಬರೆದುಕೊಟ್ಟಿಲ್ಲ, ತೆಗೀರಿ." ಅವರು ಹಿಂದಿನ ಮಾಲೀಕರಿಗೆ ಲೇಖನಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಬರೆದವರು. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಕೆಲಸಕ್ಕಿಟ್ಟುಕೊಂಡ ನೌಕರರ ಬರಹ ಬಿಟ್ಟರೆ, ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಹಕ್ಕು ಕೈ ಬದಲಿಸಬೇಕಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಕೊಡಬೇಕು. ಅವರ ಹತ್ತಿರ ಮತ್ತೆ ಮಾತಾಡಿ, ಮತ್ತೆ ದುಡ್ಡು ಕೊಟ್ಟು ಬರೆಸಿಕೊಂಡೆ. ಅವರ ಮಾತು ನ್ಯಾಯವಾಗಿಯೇ ಇತ್ತು.

ಇದೇ ಕಾಯ್ದೆಯ 19ನೇ ಸೆಕ್ಷನ್ ಕೊಳ್ಳುವವರು ಬಾಯಿಪಾಠ ಮಾಡಬೇಕಾದ್ದು. ಕರಾರಿನಲ್ಲಿ ಎಷ್ಟು ಕಾಲಕ್ಕೆ ಹಕ್ಕು ಅಂತ ಬರೆಯದಿದ್ದರೆ ಬರೀ ಐದು ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ "ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಜಗತ್ತಿನ ಎಲ್ಲ ಕಡೆಗೆ" ಅನ್ನುವ ಮಾತು ಕರಾರಿನಲ್ಲಿ ಇರಲೇಬೇಕು. ಹಕ್ಕು ಮಾರಿದರೂ "ಇದನ್ನು ಬರೆದವಳು ನಾನು" ಅನ್ನುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ, 57ನೇ ಸೆಕ್ಷನ್ ಪ್ರಕಾರ. ಮೇಡಂ ಹೆಸರು ಇವತ್ತೂ ಅವರ ಪ್ರತಿ ಅಡುಗೆಯ ಕೆಳಗೆ ಇದೆ.

ಕರಾರನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ. ವಕೀಲರಿಗೆ ಕೊಡುವ ಕೆಲವು ಸಾವಿರ ದಂಡ ಅಲ್ಲ. ಅದರಲ್ಲಿ ಏನೇನು ಮಾರುತ್ತಿದ್ದಾರೆ ಅನ್ನುವ ಪೂರ್ತಿ ಪಟ್ಟಿ, ತೋರಿಸಿದ ಆದಾಯ ನಿಜ ಅನ್ನುವ ಮಾತು, ಎರಡು ವರ್ಷ ಇದೇ ವಿಷಯದ ಮೇಲೆ ಪೈಪೋಟಿಗೆ ಬ್ಲಾಗ್ ಮಾಡುವುದಿಲ್ಲ ಅನ್ನುವ ಮಾತು ಇರಲಿ. ಚಂದಾದಾರರ ಇ-ಮೇಲ್ ಪಟ್ಟಿ ಇದ್ದರೆ ಒಪ್ಪಿಗೆ ಪಡೆದು ಸೇರಿಸಿದ್ದಾರಾ ಕೇಳಿ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಬೇರೆ ಕಾಯ್ದೆಯೇ ಬಂದಿದೆ.

ಹಣ ಕೊಟ್ಟು ಕೈಗೆ ತೆಗೆದುಕೊಳ್ಳುವುದು

ಮಾರುವವರು ಹೊರದೇಶದವರಾದರೆ ಎಸ್ಕ್ರೋ ಸೇವೆ ಬಳಸಿ. ಹಣ ಮಧ್ಯದವರ ಹತ್ತಿರ ಇರುತ್ತದೆ, ಸೈಟ್ ನಿಮ್ಮ ಕೈಗೆ ಬಂದ ಮೇಲೆ ಅವರಿಗೆ ಹೋಗುತ್ತದೆ. ಊರಿನಲ್ಲೇ ಇಬ್ಬರೂ ಇದ್ದರೆ ನಾನು ಮಾಡುವುದು ಹೀಗೆ: ಕರಾರಿನ ದಿನ ಶೇಕಡಾ 10 ಮುಂಗಡ, ಡೊಮೇನ್ ನನ್ನ ಹೆಸರಿಗೆ ಬಂದ ತಕ್ಷಣ 70, ಒಂದು ತಿಂಗಳು ಎಲ್ಲ ಸರಿಯಾಗಿ ನಡೆದ ಮೇಲೆ ಉಳಿದ 20. ಎಲ್ಲವೂ ಬ್ಯಾಂಕ್ ಮೂಲಕ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆರ್‌ಟಿಜಿಎಸ್, ಕಮ್ಮಿ ಇದ್ದರೆ ನೆಫ್ಟ್.

ಡೊಮೇನ್ ವಿಷಯದಲ್ಲಿ ಒಂದು ಅಡ್ಡಿ ಇದೆ. ಹೊಸದಾಗಿ ನೋಂದಾಯಿಸಿದ ಅಥವಾ ಈಗಷ್ಟೇ ಡೊಮೇನ್ ನೋಂದಾಯಿಸುವ ಬೇರೆ ಕಂಪನಿಗೆ ಹೋದ ಡಾಟ್ ಕಾಂ ಹೆಸರನ್ನು ಸಾಮಾನ್ಯವಾಗಿ 60 ದಿನ ಮತ್ತೊಂದು ಕಂಪನಿಗೆ ಸಾಗಿಸಲು ಬಿಡುವುದಿಲ್ಲ. ಅದಕ್ಕೆ ಸುಲಭದ ದಾರಿ, ಅವರ ಡೊಮೇನ್ ಇರುವ ಕಂಪನಿಯಲ್ಲೇ ನೀವೂ ಒಂದು ಖಾತೆ ತೆರೆಯಿರಿ. ಒಳಗಿಂದೊಳಗೇ ನಿಮ್ಮ ಖಾತೆಗೆ ತಳ್ಳಿಸಿಕೊಳ್ಳಿ.

ಆ್ಯಡ್‌ಸೆನ್ಸ್ ಖಾತೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ನಿಮ್ಮದೇ ಖಾತೆಯಲ್ಲಿ ಈ ಸೈಟನ್ನು ಸೇರಿಸಿ ಒಪ್ಪಿಗೆ ಪಡೆಯಬೇಕು. ಆಮೇಲೆ ಆ್ಯಡ್ಸ್ ಡಾಟ್ ಟೆಕ್ಸ್ಟ್ (ads.txt, ಸೈಟಿನಲ್ಲಿ ಜಾಹೀರಾತು ಮಾರಲು ಯಾರಿಗೆ ಒಪ್ಪಿಗೆ ಇದೆ ಅಂತ ಬರೆದಿಡುವ) ಫೈಲಿನಲ್ಲಿ ಅವರ ಗುರುತಿನ ಸಂಖ್ಯೆ ತೆಗೆದು ನಿಮ್ಮದು ಹಾಕಬೇಕು. ಒಪ್ಪಿಗೆ ಸಿಗುವವರೆಗೆ ಜಾಹೀರಾತಿನ ಆದಾಯ ಸೊನ್ನೆ. ನಿಮ್ಮ ಖಾತೆ ಹೊಸದಾದರೆ ಇದಕ್ಕೆ ಒಂದು ತಿಂಗಳು ಹೋದರೂ ಹೋಗಬಹುದು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಮೆಜಾನ್ ಅಫಿಲಿಯೇಟ್ ಲಿಂಕುಗಳಲ್ಲೂ ಅವರ ಟ್ಯಾಗ್ ಇರುತ್ತದೆ. ಬದಲಿಸದಿದ್ದರೆ ನಿಮ್ಮ ಬ್ಲಾಗಿನ ಕಮಿಷನ್ ಅವರಿಗೇ ಹೋಗುತ್ತಿರುತ್ತದೆ.

ಕೊಂಡ ಮೇಲೆ ಎರಡು ತಿಂಗಳು ಏನನ್ನೂ ಬದಲಿಸಬೇಡಿ. ಥೀಮ್, ಮೆನು, ಬರಹದ ಧಾಟಿ ಯಾವುದನ್ನೂ. ಬ್ಯಾಕಪ್ ತೆಗೆದಿಡಿ. ಓದುಗರ ಪತ್ರಗಳಿಗೆ ಉತ್ತರ ಬರೆಯಿರಿ. ಯಾವ ಲೇಖನ ಯಾಕೆ ಓಡುತ್ತದೆ ಅಂತ ಅರ್ಥವಾದ ಮೇಲೆ ಹಳೆಯದನ್ನು ತಿದ್ದಿ, ಹೊಸದನ್ನು ಸೇರಿಸಿ. ಲೇಖನದ ವಿಳಾಸ ಬದಲಿಸಿದರೆ, ಹಳೇ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುವ ಹಾಗೆ 301 ರೀಡೈರೆಕ್ಟ್ ಹಾಕುವುದು ಮರೆಯಬೇಡಿ.

ಮಾರುವಾಗ

ಮಾರುವ ಯೋಚನೆ ಬಂದ ದಿನದಿಂದ ಒಂದು ವರ್ಷ ತಯಾರಿ ಮಾಡಿ. ಬ್ಲಾಗಿನ ಖರ್ಚು, ಆದಾಯಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಬರೆದವರೆಲ್ಲರಿಂದ ಹಕ್ಕು ಬರೆಸಿಕೊಳ್ಳಿ. ನೀವು ಮಾಡುವ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಯಾವಾಗ ಏನು ಹಾಕುತ್ತೀರಿ, ಫೋಟೋ ಎಲ್ಲಿಂದ ತರುತ್ತೀರಿ. ಬೇರೆಯವರು ನಡೆಸಬಹುದು ಅಂತ ಕಂಡ ಬ್ಲಾಗಿಗೆ ಒಳ್ಳೆ ಬೆಲೆ ಬರುತ್ತದೆ. ನನ್ನ ಎರಡನೇ ಮಾರಾಟದಲ್ಲಿ ಕೊಂಡವರು ಚೌಕಾಸಿ ನಿಲ್ಲಿಸಿದ್ದು ಆ ಪುಸ್ತಕ ನೋಡಿದ ಮೇಲೆ.

ಹಬ್ಬದ ತಿಂಗಳ ಆದಾಯ ತೋರಿಸಿ ಬೆಲೆ ಏರಿಸಬೇಡಿ. ಹದಿನಾರು ತಿಂಗಳ ಗೆರೆಯನ್ನು ನೀವೇ ಮುಂದಿಡಿ, ಇಳಿದ ತಿಂಗಳು ಯಾಕೆ ಇಳಿಯಿತು ಹೇಳಿ. ಆದರೆ ನೋಡುವ ಅನುಮತಿಗಿಂತ ಜಾಸ್ತಿ ಏನೂ ಕೊಡಬೇಡಿ. ಹಣ ಕಳಿಸಿದ ಸ್ಕ್ರೀನ್‌ಶಾಟ್ ಬಂದರೆ ಸಾಲದು, ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಜಮಾ ಆಗಿದ್ದು ಕಾಣಬೇಕು. ಆಮೇಲೆ ಡೊಮೇನ್.

ಬಂದ ಹಣಕ್ಕೆ ತೆರಿಗೆ ಇದೆ. ಎಂದೋ ಒಂದು ಮಾರಿದರೆ ಒಂದು ರೀತಿ, ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡರೆ ವ್ಯಾಪಾರದ ಆದಾಯ. ಕರ್ನಾಟಕದಲ್ಲಿ ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಕರಾರಿಗೆ ಸಹಿ ಹಾಕುವ ಮುಂಚೆ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ, ಆಮೇಲಲ್ಲ.

ಕೊನೆಯ ದಿನ ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಪಟ್ಟಿ ನೋಡುತ್ತಾ ಒಂದೊಂದನ್ನೇ ಬಿಟ್ಟುಕೊಡುವುದು ನನ್ನ ಪದ್ಧತಿ. ಡೊಮೇನ್, ಹೋಸ್ಟಿಂಗ್, ವರ್ಡ್‌ಪ್ರೆಸ್ ಅಡ್ಮಿನ್, ಸರ್ಚ್ ಕನ್ಸೋಲ್ ಮಾಲೀಕತ್ವ, ಫೇಸ್‌ಬುಕ್ ಪುಟ, ಟೆಲಿಗ್ರಾಂ ಚಾನೆಲ್, ಫೋಟೋಗಳ ಮೂಲ ಫೈಲು. ಹೋಸ್ಟಿಂಗ್‌ಗೆ ಕೊಟ್ಟಿರುವ ಕಾರ್ಡು ಬದಲಾಯಿತಾ ನೋಡಿ. ಇಲ್ಲದಿದ್ದರೆ ಮುಂದಿನ ವರ್ಷ ಹಣ ಕಟ್ಟದೆ ಸೈಟೇ ನಿಂತುಹೋಗಬಹುದು. ಮತ್ತೆ ಓಟಿಪಿ ಹೋಗುವ ಫೋನ್ ನಂಬರ್. ನಾನು ಮಾರಿದ ಮೊದಲ ಬ್ಲಾಗಿನ ಓಟಿಪಿ ಎರಡು ತಿಂಗಳು ನನ್ನ ಫೋನಿಗೇ ಬರುತ್ತಿತ್ತು. ಪ್ರತಿ ಸಲ ಕೊಂಡವರು ಕರೆ ಮಾಡಿ, "ಸರ್, ಒಂದು ನಂಬರ್ ಬಂದಿರಬೇಕು ನೋಡಿ" ಅನ್ನುತ್ತಿದ್ದರು. ಈಗ ನನ್ನ ಪಟ್ಟಿಯಲ್ಲಿ ಮೊದಲು ಬದಲಿಸುವುದೇ ಅದನ್ನು.